ಚಹಾಕ್ಕಾಗುವಷ್ಟು ಹಾಲು

ನಮ್ಮೂರಿನ ಉದ್ಯಾನದಲ್ಲಿ ಹೂಗಿಡಗಳಿಲ್ಲ, ಎಮ್ಮೆಗಳಿವೆ. ಇದನ್ನು ಕೇಳಿ ನೀವು ನಗಬಹುದು, ಆದರೆ ತುಸು ಮೆಲ್ಲಗೆ ನಗಬೇಕು. ಅಲ್ಲಿ ಎಮ್ಮೆ ಕಟ್ಟಿದವರಲ್ಲಿ ನನ್ನ ಸೋದರತ್ತೆ ಕಾಶೀಬಾಯಿಯೂ ಒಬ್ಬರು, ಮತ್ತು ಅವರ ಕಿವಿ ಇನ್ನೂ ಚುರುಕಾಗಿದೆ. ಭೂಕಂಪದಲ್ಲಿ ಹಳೆಯ ಊರು ಮಣ್ಣುಗೂಡಿದ ಮೇಲೆ, ಕನ್ನಡ-ಮರಾಠಿ ಗಡಿಯಲ್ಲಿ, ಸಾಸ್ತೂರಿನಿಂದ ಕಾಸಾರಶಿರಸಿಗೆ ಹೋಗುವ ದಾರಿಯ ಮಗ್ಗುಲಲ್ಲಿ ನಮಗೆ ಹೊಸ ಊರು ಕಟ್ಟಿಕೊಟ್ಟರು. ಪಟ್ಟಣದ ಬಡಾವಣೆಯ ಹಾಗೆ ಗೀಟು ಹೊಡೆದಂಥ ರಸ್ತೆಗಳು, ಒಂದೇ ಅಚ್ಚಿನ ಮನೆಗಳು, ಶಾಲೆಗೊಂದು ಜಾಗ, ಸಭೆಗೊಂದು ಮಂದಿರ, ಮಕ್ಕಳು ಆಡಲಿ ಎಂದು ಒಂದು ಉದ್ಯಾನ. ನಕ್ಷೆ ಬರೆದ ಪುಣ್ಯಾತ್ಮರಿಗೆ ಎಲ್ಲರ ನೆನಪೂ ಇತ್ತು, ಎಮ್ಮೆಯ ನೆನಪು ಮಾತ್ರ ಆಗಿರಲಿಲ್ಲ. ಹಳೆಯ ಊರಿನಲ್ಲಿ ನಮ್ಮ ದನಗಳು ಮನೆಯೊಳಗೇ, ಪಡಸಾಲೆಗಿಂತ ಒಂದು ಮೆಟ್ಟಿಲು ಕೆಳಗೆ, ನಮ್ಮ ಮಾತು ಕೇಳುತ್ತಾ ಮೆಲುಕು ಹಾಕುತ್ತಿದ್ದವು. ಹೊಸ ಮನೆಗಳಲ್ಲಿ ಸೋಫಾ ಇಡಲು ಜಾಗವಿತ್ತು, ಗೋದಲಿಗೆ ಇರಲಿಲ್ಲ. ನಮ್ಮ ಜನ ಒಂದೆರಡು ತಿಂಗಳು ಯೋಚನೆ ಮಾಡಿ, ಯಾರಿಗೂ ಅರ್ಜಿ ಕೊಡದೆ, ಯಾರ ಮೇಲೂ ಸಿಟ್ಟಾಗದೆ, ಉದ್ಯಾನದಲ್ಲಿ ಗೂಟ ಹೊಡೆದರು. ಮಕ್ಕಳು ರಸ್ತೆಯಲ್ಲಿ ಆಡಿಕೊಂಡರು.

ಆ ಉದ್ಯಾನದ ನಡುವೆ, ಜೋಕಾಲಿ ನಿಲ್ಲಿಸಲೆಂದು ಹಾಕಿದ ಕಟ್ಟೆಯ ಮೇಲೆ, ಕಡಬಿ ಕತ್ತರಿಸುವ ಒಂದು ಯಂತ್ರವಿದೆ. ಕಡಬಿ ಎಂದರೆ ಜೋಳದ ಒಣದಂಟು. ಬೆಳಿಗ್ಗೆ ಗುಂಡಿ ಒತ್ತಿದರೆ ಅದು ಮೊದಲು ಕೆಮ್ಮುತ್ತದೆ, ಆಮೇಲೆ ಗುರುಗುಟ್ಟುತ್ತದೆ, ಕಟ್ಟುಗಟ್ಟಲೆ ದಂಟು ಒಳಗೆ ಹೋಗಿ ಬೆರಳುದ್ದದ ಚೂರುಗಳಾಗಿ ಹೊರಗೆ ಹಾರುತ್ತದೆ. ಆ ಸದ್ದಿಗೆ ಎದ್ದು ಕೂಡುವ ಅಭ್ಯಾಸ ನಮ್ಮೂರಿಗೆ ಎಷ್ಟು ಆಗಿದೆಯೆಂದರೆ, ಕರೆಂಟು ಹೋದ ದಿನ ಅರ್ಧ ಊರು ಹೊತ್ತೇರಿದರೂ ಏಳುವುದಿಲ್ಲ.

ಈ ಯಂತ್ರ ಬಂದ ಬಗೆಯನ್ನು ಹೇಳುವ ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಕಾಸಾರಶಿರಸಿಯ ಪೇಟೆಯಲ್ಲಿ ಹಿಂಡಿ, ಹತ್ತಿಕಾಳು, ತೊಗರಿಹೊಟ್ಟು ಮಾರುವ ಅಂಗಡಿಕಾರ. ಎಳೆತನದಲ್ಲಿ ಬಸವಕಲ್ಯಾಣದ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆ ಕಲಿತವನು. ಮರಾಠಿಯಲ್ಲಿ ವ್ಯಾಪಾರ ಮಾಡುತ್ತೇನೆ, ಕನ್ನಡದಲ್ಲಿ ಜಗಳ ಆಡುತ್ತೇನೆ, ಹಾಗಾಗಿ ಎರಡೂ ಭಾಷೆ ತುಕ್ಕು ಹಿಡಿದಿಲ್ಲ. ಪುಣೆಯ ಒಂದು ಸಂಸ್ಥೆಯವರು ನಮ್ಮೂರಿಗೆ ಬಂದಾಗ ಈ ಗುಣವೇ ನನಗೆ ಮುಳುವಾಯಿತು. ಒಂದೊಂದೇ ಎಮ್ಮೆ ಸಾಕಿದ ಬಡಮನೆಗಳ ಹೈನು ಸುಧಾರಿಸಬೇಕಾದರೆ ಆ ಎಮ್ಮೆಗೆ ಸಂಬಂಧಪಟ್ಟವರೆಲ್ಲ ಕೈ ಜೋಡಿಸಬೇಕು ಎಂಬುದು ಅವರ ಸಿದ್ಧಾಂತ. ಯಂತ್ರ ಸಂಸ್ಥೆಯದು, ಕರೆಂಟು ಪಂಚಾಯಿತಿಯದು, ಹಸಿಹುಲ್ಲು ಬಾವಿ ಇದ್ದ ಹೊಲದವರದು, ಮದ್ದು ನಿಲಂಗಾದ ಪಶುವೈದ್ಯರದು, ಕ್ಯಾನು ಒಯ್ಯುವುದು ಹಾಲಿನ ಗಾಡಿಯವನದು, ಹದವಾಗಿ ಬೆರೆಸಿದ ಹಿಂಡಿ ನನ್ನದು. ಇವರೆಲ್ಲರಿಗೂ ಸೇರಿ ‘ಪಾಲುದಾರರು’ ಎಂದು ಹೆಸರು. ಅಂದಿನವರೆಗೆ ನಾನು ಬರೇ ಹಿಂಡಿ ಸಾವುಕಾರನಾಗಿದ್ದೆ. ಅಂದಿನಿಂದ ಪಾಲುದಾರನಾದೆ, ಮೇಲಾಗಿ ದುಭಾಷಿಯೂ ಆದೆ.

ಪಾಲುದಾರರ ಸಭೆಗಳ ಸೊಗಸನ್ನು ಏನೆಂದು ಹೇಳಲಿ! ವೈದ್ಯರು ಬಂದ ದಿನ ಗಾಡಿಯವ ಬರುತ್ತಿರಲಿಲ್ಲ, ಗಾಡಿಯವ ಬಂದ ದಿನ ಸರಪಂಚರಿಗೆ ಉಮರ್ಗಾದಲ್ಲಿ ಮದುವೆ ಇರುತ್ತಿತ್ತು, ಎಲ್ಲರೂ ಬಂದ ದಿನ ಸಭಾಮಂದಿರದ ಬೀಗದ ಕೈ ಸಿಗುತ್ತಿರಲಿಲ್ಲ. ಹುಲ್ಲಿನವರು ಹಿಂಡಿಯದೇನು ದೊಡ್ಡಸ್ತಿಕೆ ಎನ್ನುತ್ತಿದ್ದರು, ಹಿಂಡಿಯವನಾದ ನಾನು ಹುಲ್ಲಿನಲ್ಲಿ ನೀರು ಬಿಟ್ಟರೆ ಇನ್ನೇನಿದೆ ಎನ್ನುತ್ತಿದ್ದೆ, ವೈದ್ಯರು ಇಬ್ಬರನ್ನೂ ನೋಡಿ ಗಡಿಯಾರ ನೋಡಿಕೊಳ್ಳುತ್ತಿದ್ದರು. ಚಹಾ ಬಂದ ಕೂಡಲೇ ಎಲ್ಲರಿಗೂ ಒಮ್ಮತ ಬರುತ್ತಿತ್ತು. ಇಷ್ಟರ ಮೇಲೂ, ಯಾರ ಜಾಣತನದಿಂದಲೋ ಯಾರ ಮರೆವಿನಿಂದಲೋ, ಕೆಲಸ ಕೈಗೂಡಿತು. ಇಡೀ ದಂಟು ಹಾಕಿದರೆ ಎಲೆ ತುದಿ ತಿಂದು ಬುಡವನ್ನು ಕಾಲಡಿ ತುಳಿಯುತ್ತಿದ್ದ ಎಮ್ಮೆಗಳು, ಕತ್ತರಿಸಿದ ಚೂರಿಗೆ ಹಿಂಡಿ ನೀರು ಚಿಮುಕಿಸಿ ಕೊಟ್ಟರೆ ಗೋದಲಿ ನೆಕ್ಕಿ ಒಣಗಿಸತೊಡಗಿದವು. ಪಕ್ಕೆಲುಬುಗಳು ಮಾಯವಾದವು. ಚರ್ಮ ಮಿರಿಮಿರಿ ಮಿಂಚಿತು. ಹಾಲಂತೂ ಹೆಚ್ಚಿತು.

ಎಷ್ಟು ಹೆಚ್ಚಿತು ಎಂದು ಮಾತ್ರ ಕೇಳಬೇಡಿ. ಈ ಪ್ರಬಂಧದ ಗೋಳೆಲ್ಲ ಆ ಪ್ರಶ್ನೆಯಲ್ಲೇ ಇದೆ.

ನಮ್ಮ ಸೀಮೆಯಲ್ಲಿ ಎಮ್ಮೆ ಎಷ್ಟು ಹಾಲು ಕೊಡುತ್ತದೆಂದು ಯಾರೂ ಯಾರಿಗೂ ಹೇಳುವುದಿಲ್ಲ. ಹೇಳಿದರೆ ನದರು ಹತ್ತುತ್ತದೆ, ಅಂದರೆ ದೃಷ್ಟಿ ತಾಕುತ್ತದೆ. ಮರುದಿನ ಎಮ್ಮೆ ಒದೆಯುತ್ತದೆ, ಇಲ್ಲವೇ ಸೊರ ಬಿಡದೆ ಹಾಲು ಬಿಗಿಹಿಡಿಯುತ್ತದೆ, ಇಲ್ಲವೇ ಕೆಚ್ಚಲು ಬಾಯುತ್ತದೆ. ಯಾರಾದರೂ ಕೇಳಿದರೆ ಕೊಡಬೇಕಾದ ಉತ್ತರ ಒಂದೇ: ‘ಚಾದಷ್ಟು ಆಗ್ತದ.’ ಬಕೀಟು ತುಂಬಿ ನೊರೆ ಚೆಲ್ಲುತ್ತಿದ್ದರೂ ಅದು ಚಹಾಕ್ಕಾಗುವಷ್ಟೇ. ಇದನ್ನು ಹಳ್ಳಿಯ ಹೆಂಗಸರ ಮೂಢತನ ಎಂದು ತಳ್ಳಿಹಾಕಲು ನನಗೂ ಆಸೆಯಿತ್ತು, ಆದರೆ ಅಂಗಡಿಯ ಗಾದಿಯ ಮೇಲೆ ಕೂತವನಿಗೆ ಆ ಹಕ್ಕಿಲ್ಲ. ವ್ಯಾಪಾರ ಹೇಗಿದೆ ಎಂದು ಕೇಳಿದರೆ ಉದಗೀರದ ಅಡತಿಯ ಅತಿ ದೊಡ್ಡ ಸೇಠನೂ ‘ನಡದದ’ ಎಂದು ನಿಟ್ಟುಸಿರು ಬಿಡುತ್ತಾನೆಯೇ ಹೊರತು ‘ಭರ್ಜರಿ’ ಎಂದು ಎದೆ ತಟ್ಟಿಕೊಂಡದ್ದನ್ನು ಈ ಜನ್ಮದಲ್ಲಿ ನಾನು ಕಂಡಿಲ್ಲ. ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುವುದು, ಹೊಸ ಮನೆಗೆ ಹರಕು ಚಪ್ಪಲಿ ಕಟ್ಟುವುದು, ತುಂಬಿದ ಕಣಜಕ್ಕೆ ‘ಈ ಸಲ ಏನಿಲ್ಲ ಬಿಡ್ರಿ’ ಎನ್ನುವುದು, ಇವೆಲ್ಲ ಒಂದೇ ಮನೆತನದ ಮಕ್ಕಳು. ಸುಖವನ್ನು ಸೆರಗಿನೊಳಗೆ ಇಟ್ಟುಕೊಂಡು ಬಾಳುವ ಜನ ನಾವು.

ಕಾಶಿ ಅತ್ತೆಯ ವಿಷಯದಲ್ಲಿ ಇದಕ್ಕೆ ಇನ್ನೊಂದು ಬೇರು ಇದೆ. ಭೂಕಂಪದ ಹಿಂದಿನ ಸಂಜೆ ಅವರ ಅತ್ತೆ, ಅಂದರೆ ಗಂಡನ ತಾಯಿ, ಅಂಗಳದಲ್ಲಿ ನಿಂತು ಬೆಳೆ, ದನ, ಮೊಮ್ಮಕ್ಕಳು ಎಲ್ಲವನ್ನೂ ಒಂದು ಸುತ್ತು ನೋಡಿ, ‘ಈ ವರ್ಷ ಎಲ್ಲಾ ಛಲೋ ಆಗ್ಯಾದ ನೋಡವ್ವಾ’ ಎಂದು ಬಾಯಿ ತುಂಬ ಹೇಳಿದರಂತೆ. ಬೆಳಗಾಗುವುದರೊಳಗೆ ಮನೆ, ದನ, ಹಾಗೆಂದ ಮುದುಕಿ, ಎಲ್ಲ ಮಣ್ಣಿನಡಿಗೆ ಹೋಗಿತ್ತು. ಅಂದಿನಿಂದ ಅತ್ತೆ ಯಾವುದನ್ನೂ ಛಲೋ ಎಂದವರಲ್ಲ. ಮಗ ಮೊದಲ ದರ್ಜೆಯಲ್ಲಿ ತೇರ್ಗಡೆಯಾದಾಗ ‘ಪಾಸಾಗ್ಯಾನಂತ’ ಎಂದರು. ಮಗಳಿಗೆ ಒಳ್ಳೆಯ ಸಂಬಂಧ ಕೂಡಿ ಬಂದಾಗ ‘ಏನೋ, ಮಂದಿ ಅದಾರ’ ಎಂದರು. ಭೂಮಿ ನಡುಗುವುದಕ್ಕೂ ಮುದುಕಿಯ ಮಾತಿಗೂ ಸಂಬಂಧವಿಲ್ಲವೆಂದು ನಾನೊಮ್ಮೆ ನನ್ನ ಶಾಲೆಯ ಭೂಗೋಳವನ್ನೆಲ್ಲ ಖರ್ಚು ಮಾಡಿ ತಿಳಿಸಿ ಹೇಳಿದೆ. ಅತ್ತೆ ಸಮಾಧಾನವಾಗಿ ಕೇಳಿ, ‘ನನಗೂ ತಿಳೀತದೋ ಶಿವರಾಜ. ಆದ್ರ ನಾಲಿಗಿ ಏಳೂದಿಲ್ಲ’ ಎಂದರು.

ಅವರ ಎಮ್ಮೆಯ ಹೆಸರು ಚಂದ್ರಿ. ಹಣೆಯ ಮೇಲೆ ಬಿಳಿ ಚುಕ್ಕೆ, ಮೋರೆಯಲ್ಲಿ ಸದಾ ಒಂದು ತಾತ್ಸಾರ. ಯಂತ್ರ ಬರುವ ಮುಂಚೆ ಅತ್ತೆ ಅದಕ್ಕಾಗಿ ಮರದ ತುಂಡಿನ ಮೇಲೆ ಕಡಬಿ ಇಟ್ಟು ಕೊಡಲಿಯಿಂದ ಕಡಿಯುತ್ತಿದ್ದರು, ಕಡಿದು ಕಡಿದು ಬಲಗೈ ಮಣಿಕಟ್ಟು ಗಂಟುಬಿದ್ದಿತ್ತು. ರೊಟ್ಟಿ ತಟ್ಟುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಇನ್ನೊಂದು ವರ್ಷ ಹೀಗಾದರೆ ಚಂದ್ರಿಯನ್ನು ಉದಗೀರದ ದನದ ಬಾಜಾರಿಗೆ ಹೊಡೆದುಕೊಂಡು ಹೋಗಬೇಕಾಗುತ್ತದೆ ಎಂದು ಮನೆಯಲ್ಲಿ ಮಾತಾಗಿತ್ತು. ಅದೇ ಹೊತ್ತಿಗೆ ಯಂತ್ರ ಬಂತು. ಮಣಿಕಟ್ಟಿಗೆ ಬಿಡುವು ಸಿಕ್ಕಿತು, ಚಂದ್ರಿ ಗೂಟದಲ್ಲೇ ಉಳಿಯಿತು.

ಹೀಗಿರುವಾಗ ವರ್ಷ ತುಂಬಿತೆಂದು, ಪಾಲುದಾರರ ಸಹಯೋಗದಿಂದ ಏನು ಪ್ರಯೋಜನವಾಯಿತೆಂದು ಅಳೆದು ನೋಡಲು ಪುಣೆಯಿಂದ ಅನುಜಾ ಮೇಡಂ ಬಂದರು. ತೆಳ್ಳಗಿನ ಹುಡುಗಿ, ಮೆತ್ತನೆಯ ಮಾತು, ಕರಿ ಚಹಾ ಕುಡಿಯುವ ಅಭ್ಯಾಸ. ಹಾಲಿನ ವಾಸನೆಯೇ ಆಗದೆಂದು ಬಸ್ ಸ್ಟ್ಯಾಂಡಿನಲ್ಲೇ ನನಗೆ ಹೇಳಿದರು. ಹಾಲಿನ ಲೆಕ್ಕಕ್ಕೆ ಇಂಥವರನ್ನೇ ಆರಿಸಿ ಕಳಿಸಿದ ಸಂಸ್ಥೆಯ ಜಾಣತನಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ದಾರಿಯಲ್ಲಿ ಅವರು ಇನ್ನೊಂದು ಮಾತನ್ನೂ ಹೇಳಿದರು. ಉದಗೀರದ ಕಡೆಯ ಒಂದು ಊರಿನವರು ಇಂಥದೇ ಯಂತ್ರ ಕೇಳಿ ಕೂತಿದ್ದಾರೆ, ನಿಮ್ಮಲ್ಲಿ ಹಾಲು ಹೆಚ್ಚಿಲ್ಲವಾದರೆ ಇದನ್ನು ಅಲ್ಲಿಗೆ ಸಾಗಿಸುತ್ತೇವೆ ಎಂದು. ‘ಅದರ ಚಿಂತೆ ಬೇಡ, ನಮ್ಮಲ್ಲಿ ಭರಪೂರ ಹೆಚ್ಚಿದೆ’ ಎಂದು ನಾನು ನಕ್ಕೆ. ನಮ್ಮ ಜನರೊಡನೆ ಇಷ್ಟು ವರ್ಷ ಬಾಳಿದವನು ಹಾಗೆ ನಗಬಾರದಿತ್ತು.

ಮೊದಲು ಹೋದದ್ದು ಅತ್ತೆಯ ಪಕ್ಕದ ಮನೆಯ ಶರಣಮ್ಮನಲ್ಲಿಗೆ. ‘ನಿಮ್ಮ ಎಮ್ಮೆ ದಿನಕ್ಕೆ ಎಷ್ಟು ಹಾಲು ಕೊಡುತ್ತದೆ?’ ಎಂದು ಮೇಡಂ ಮರಾಠಿಯಲ್ಲಿ ಕೇಳಿದರು.

‘ಕಾಯ್ ಸಾಂಗೂ ಬಾಯಿ, ಏನ್ ಹೇಳ್ಲಿ?’ ಎಂದು ಶರಣಮ್ಮ ಎರಡೂ ಭಾಷೆಯಲ್ಲಿ ಮರುಗಿದಳು. ‘ಎಲ್ಲೀ ಹಾಲು? ಚಾದಷ್ಟು ಆಗ್ತದ.’

‘ಯಂತ್ರ ಬರುವ ಮುಂಚೆ?’

‘ಆಗೂ ಚಾದಷ್ಟೇ ಆಗ್ತಿತ್ತರೀ.’

ಮೇಡಂ ನನ್ನ ಕಡೆ ತಿರುಗಿ, ‘ಶೇಠಜಿ, ಚಹಾದಷ್ಟು ಅಂದರೆ ಎಷ್ಟು ಲೀಟರ್?’ ಎಂದರು. ನಾನು ತಲೆ ಕೆರೆದುಕೊಂಡೆ. ಆಗ ಆ ಹುಡುಗಿ ಮನೆಯಲ್ಲಿ ಎಷ್ಟು ಜನ, ಯಾರು ಯಾರು ಚಹಾ ಕುಡಿಯುತ್ತಾರೆ, ಬಟ್ಟಲು ಎಷ್ಟು ದೊಡ್ಡದು ಎಂದು ಕೇಳಿ ಲೆಕ್ಕ ಹಾಕತೊಡಗಿದರು. ಈ ಲೆಕ್ಕ ನಡೆಯುತ್ತಿರುವಾಗ ಒಳಗೆ ಒಲೆಯ ಮೇಲೆ ಹಾಲು ಬತ್ತಿ ಖವಾ ಆಗುತ್ತಿತ್ತು, ಅದರ ಘಮ ಹೊರಗೆ ರಸ್ತೆಯ ತನಕ ಬರುತ್ತಿತ್ತು, ಮತ್ತು ಕರಿ ಚಹಾ ಸಾಕೆಂದ ಮೇಡಮ್ಮರ ಮುಂದೆ ಬಂದ ಬಟ್ಟಲಿನಲ್ಲಿ ಕೆನೆ ಚಾಪೆಯಂತೆ ಹಾಸಿತ್ತು. ಅತಿಥಿಗೆ ಕರಿ ಚಹಾ ಕೊಡುವುದು ನಮ್ಮಲ್ಲಿ ಸೂತಕದ ಮನೆಯಲ್ಲೂ ಆಗದ ಮಾತು.

ಆ ದಿನ ಮನೆ ಮನೆ ತಿರುಗಿದೆವು. ಎಲ್ಲ ಮನೆಯಲ್ಲೂ ಅದೇ ಉತ್ತರ, ಅದೇ ಕೆನೆ. ಒಬ್ಬ ಗೌಡರಂತೂ, ಹೆಂಡತಿ ‘ಚಾದಷ್ಟು’ ಎಂದಿದ್ದಕ್ಕೆ ತಡೆದು, ‘ಅದೂ ಒಮ್ಮೊಮ್ಮೆ ಕಡಿಮಿ ಬೀಳ್ತದರೀ’ ಎಂದು ಸೇರಿಸಿದರು. ಹಾಲಿನ ಗಾಡಿಯವನನ್ನು ಕೇಳೋಣವೆಂದರೆ ಅವನಿಗೆ ಹೋಗುವುದು ಸ್ವಲ್ಪವೇ. ಉಳಿದದ್ದು ಖವಾ ಭಟ್ಟಿಗೆ, ಕಾಸಾರಶಿರಸಿಯ ಹೋಟೆಲುಗಳಿಗೆ, ಬೀಗರ ಮನೆಗೆ, ಬೆಣ್ಣೆಯ ಗಡಿಗೆಗೆ ಹಂಚಿಹೋಗುತ್ತಿತ್ತು. ಪೂರ್ತಿ ಸತ್ಯ ಗೊತ್ತಿದ್ದದ್ದು ಹಿಂಡುವ ಕೈಗಳಿಗೆ ಮಾತ್ರ.

ಕೊನೆಗೆ, ಉದ್ಯಾನದಲ್ಲಿ, ಕಾಶಿ ಅತ್ತೆಯ ಸರದಿ. ನಾನು ಮುಂಚಿತವಾಗಿಯೇ ಕಿವಿಯಲ್ಲಿ, ‘ಅತ್ತಿ, ಖರೇ ಹೇಳು. ಇಲ್ಲಂದ್ರ ಮಷೀನ್ ಒಯ್ತಾರ’ ಎಂದಿದ್ದೆ. ಅತ್ತೆ ತಲೆಯಾಡಿಸಿದರು, ಬಾಯಿ ತೆರೆದರು, ಎರಡು ಸಲ ಗಂಟಲು ಸರಿಮಾಡಿಕೊಂಡರು, ಆಮೇಲೆ ‘ಚಾದಷ್ಟು’ ಎಂದರು. ಅಷ್ಟಕ್ಕೇ ನಿಲ್ಲಿಸದೆ, ‘ಮುದಿಕಿ ಆಗ್ಯಾಳರೀ ನಮ್ಮ ಚಂದ್ರಿ’ ಎಂದೂ ಸೇರಿಸಿದರು. ಎರಡನೆಯ ಸೂಲಿನ ಚಂದ್ರಿ ಬೆನ್ನ ಹಿಂದೆಯೇ ನಿಂತಿತ್ತು. ಸಂಜೆ ಹಿಂಡುವ ಹೊತ್ತು ಮೀರಿತ್ತಾದ್ದರಿಂದ, ಅತ್ತೆ ಈ ಮಾತು ಆಡುತ್ತಿದ್ದ ಹಾಗೇ, ಅದರ ಮೊಲೆಗಳಿಂದ ಹಾಲು ತಾನಾಗಿಯೇ ತೊಟ್ಟಿಕ್ಕಿ ನೆಲ ಬೆಳ್ಳಗಾಗುತ್ತಿತ್ತು. ಮೇಡಂ ನೆಲ ನೋಡಿದರು, ಅತ್ತೆ ಆಕಾಶ ನೋಡಿದರು, ನಾನು ನನ್ನ ಚಪ್ಪಲಿ ನೋಡಿಕೊಂಡೆ.

‘ಕಣ್ಣಿಗೆ ಕಂಡದ್ದನ್ನು ಬರೆಯುವ ಹಾಗಿಲ್ಲ ಶೇಠಜಿ, ಮನೆಯವರು ಹೇಳಿದ್ದನ್ನೇ ಬರೆಯಬೇಕು’ ಎಂದು ಮೇಡಂ ಬೇಸರದಿಂದ ಹೇಳಿದಾಗ ನನ್ನ ತಲೆಯಲ್ಲಿ ಒಂದು ಯುಕ್ತಿ ಮಿಂಚಿತು. ನಮ್ಮವರು ತಮ್ಮ ಎಮ್ಮೆಯ ಬಗ್ಗೆ ಬಾಯಿ ಬಿಡುವುದಿಲ್ಲ, ನಿಜ. ನೆರೆಮನೆಯ ಎಮ್ಮೆಯ ಬಗ್ಗೆ? ಕೇಳಿ ನೋಡೋಣವೆಂದೆ. ಮತ್ತೆ ಶರಣಮ್ಮನಲ್ಲಿಗೆ ಹೋಗಿ ಕಾಶೀಬಾಯಿಯವರ ಚಂದ್ರಿ ಎಷ್ಟು ಹಿಂಡುತ್ತದೆ ಎಂದು ಕೇಳಿದೆವು.

‘ಚಂದ್ರಿ ಏನ್ರೀ? ಬಕೀಟ ತುಂಬಿ ಮ್ಯಾಲ ಚೆಲ್ತದ!’ ಎಂದಳು ಶರಣಮ್ಮ, ಕಣ್ಣರಳಿಸಿ. ಈ ಕಡೆ ಬಂದು ಅತ್ತೆಯನ್ನು ಕೇಳಿದರೆ, ‘ಶರಣಮ್ಮಂದು? ಎರಡ ಬಕೀಟಾದ್ರೂ ಸಾಲೂದಿಲ್ಲ’ ಎಂದರು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ವಂತದವರ ಮಾತು ನಂಬಿದರೆ ಊರಿನಲ್ಲಿ ಹಾಲೇ ಇಲ್ಲ, ನೆರೆಯವರ ಮಾತು ನಂಬಿದರೆ ಊರು ಹಾಲಿನಲ್ಲಿ ತೇಲಿಹೋಗಬೇಕು. ಎರಡರಲ್ಲಿ ಯಾವುದನ್ನೂ ಬರೆಯಲಾಗದು ಎಂದರು.

ಹೊಸ ಊರಿನ ರಸ್ತೆಗಳು ನೇರವಾಗಿರುವುದರಿಂದ ಮಾತು ಸರಾಗವಾಗಿ ಓಡುತ್ತದೆ. ನಾವು ಚಪ್ಪಲಿ ಮೆಟ್ಟಿಕೊಳ್ಳುವುದರೊಳಗೆ, ಯಾರು ಯಾರ ಎಮ್ಮೆಯ ಬಗ್ಗೆ ಏನೆಂದರೆಂಬುದು ಇಬ್ಬರ ಕಿವಿಗೂ ಮುಟ್ಟಿತ್ತು. ಉದ್ಯಾನದಲ್ಲಿ ಜಗಳ ಹತ್ತಿಕೊಂಡಿತು. ನಾನು ನನ್ನ ಆಯುಷ್ಯದಲ್ಲಿ ಬೇಕಾದಷ್ಟು ಜಗಳ ನೋಡಿದ್ದೇನೆ, ಅಂಥದನ್ನು ನೋಡಿರಲಿಲ್ಲ.

‘ನನ್ನ ಎಮ್ಮಿಗಿ ಛಲೋ ಅಂತೀಯಾ? ನಿನ್ನ ಎಮ್ಮೀನೇ ಛಲೋ!’ ಎಂದು ಅತ್ತೆ ಕೈ ಬೀಸಿದರು. ಛಲೋ ಎಂಬ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಬಹಳ ವರ್ಷಕ್ಕೆ, ಅದೂ ಬೈಗುಳವಾಗಿ.

‘ನಿಂದೇ ಛಲೋ ಕಾಶವ್ವಾ! ನಿನ್ನ ಎಮ್ಮಿ ಮೈ ನೋಡು, ಹ್ಯಾಂಗ ಮಿಂಚ್ತದ!’

‘ನಿನ್ನ ಕೆಚ್ಚಲ ನೋಡ್ಕೊಳ್ಳೇ, ನೆಲಕ್ಕ ಹತ್ತೇದ!’

‘ನಿನ್ನ ತುಪ್ಪ ಉಮರ್ಗಾ ತನಕ ಘಮ್ಮಂತದ!’

ಎರಡೂ ಎಮ್ಮೆಗಳು ತಮಗೆ ಬೀಳುತ್ತಿದ್ದ ಈ ಹೊಗಳಿಕೆಯ ಕಲ್ಲುಗಳನ್ನು ಮೆಲುಕು ಹಾಕುತ್ತಾ ಸಹಿಸಿಕೊಂಡವು. ಊರವರು ನಡುವೆ ಬಂದು ಬಿಡಿಸಿದರು. ಅಂದು ಸಂಜೆ ಹಿಂಡಲು ಕೂತರೆ ಚಂದ್ರಿ ಒಂದೇ ಒದೆಗೆ ಬಕೀಟು ಉರುಳಿಸಿತು. ಹೊತ್ತು ಮೀರಿ ಕೆಚ್ಚಲು ನೋಯುತ್ತಿತ್ತು, ಗಲಾಟೆಗೆ ಬೆದರಿತ್ತು, ಒದೆಯದೆ ಏನು ಮಾಡೀತು? ಆದರೆ ಅತ್ತೆ ನನ್ನನ್ನು ನೋಡಿದ ನೋಟದಲ್ಲಿ ಈ ಯಾವ ಕಾರಣಕ್ಕೂ ಜಾಗವಿರಲಿಲ್ಲ.

ಮರುದಿನ ಬೆಳಿಗ್ಗೆ ಉದ್ಯಾನದ ಬೇವಿನ ಮರದಡಿ ಸಭೆ ಸೇರಿತು. ಅಪರೂಪಕ್ಕೆ ಪಾಲುದಾರರೆಲ್ಲ ಬಂದಿದ್ದರು. ಸಭೆಗಾಗಿ ಯಂತ್ರ ನಿಲ್ಲಿಸಿದ್ದರು, ಹಾಗಾಗಿ ಎಂದೂ ಇಲ್ಲದ ಮೌನ. ಮೇಡಂ ಎದ್ದು ನಿಂತು ಕೈ ಮುಗಿದರು. ‘ನೀವು ನನ್ನನ್ನು ಮನೆಮಗಳ ಹಾಗೆ ನೋಡಿಕೊಂಡಿರಿ, ಆದರೆ ಹಾಲು ಹೆಚ್ಚಿತೆಂದು ನಿಮ್ಮಲ್ಲಿ ಒಬ್ಬರೂ ಹೇಳಲಿಲ್ಲ. ನಾನು ಇಲ್ಲದ್ದನ್ನು ಬರೆಯಲಾರೆ, ಯಂತ್ರವನ್ನು ಉದಗೀರದ ಕಡೆ ಕಳಿಸಬೇಕಾಗುತ್ತದೆ, ಅವರು ನಾಡಿದ್ದು ಟ್ರ್ಯಾಕ್ಟರ್ ತರುತ್ತಾರೆ’ ಎಂದರು. ನಾನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಹೇಳುವಾಗ ಅತ್ತೆಯ ಮಣಿಕಟ್ಟಿನ ಮೇಲೆ ನನ್ನ ಕಣ್ಣಿತ್ತು; ಎಡಗೈ ಅದನ್ನು ಮೆಲ್ಲಗೆ ತಿಕ್ಕುತ್ತಿತ್ತು.

ಗಂಡಸರು ಹೆಂಗಸರ ಕಡೆ ನೋಡಿದರು, ಹೆಂಗಸರು ಎಮ್ಮೆಗಳ ಕಡೆ ನೋಡಿದರು. ಆಗ ಕಾಶಿ ಅತ್ತೆ ಮೊಣಕಾಲಿಗೆ ಕೈ ಊರಿ ಎದ್ದರು.

‘ಬರ್ಕೋ ಅವ್ವಾ’ ಎಂದರು. ‘ನಮ್ಮ ಚಂದ್ರಿ ಮುಂಜಾನಿ ಐದ ಲೀಟರ್ ಕೊಡ್ತಾಳ. ಸಂಜೀಕ ನಾಕು. ಮಷೀನ್ ಬರೂದಕ್ಕ ಮುಂಚ ಇದರ ಅರ್ಧಾನೂ ಇರ್ಲಿಲ್ಲ. ಮುದಿಕಿ ಆಗಿಲ್ಲ, ನಾ ಸುಳ್ಳ ಹೇಳೀನಿ. ಛಲೋ ಅದಾಳ. ನಮ್ಮ ಮನ್ಯಾಗ ಎಲ್ಲಾ ಛಲೋ ಅದ.’

ಇಷ್ಟು ಹೇಳಿ ಅವರು ಕುಸಿದಂತೆ ಕೂತರು, ಮತ್ತು ಕೂತ ಕೂಡಲೇ ಬಲ ಅಂಗೈಯನ್ನು ನೆಲದ ಮೇಲೆ ಚಪ್ಪಟೆಯಾಗಿ ಇಟ್ಟು ಹಾಗೇ ಇದ್ದರು. ಮೇಡಮ್ಮರಿಗೆ ಅದು ಅರ್ಥವಾಗಲಿಲ್ಲ. ನಮ್ಮೂರಿನ ವಯಸ್ಸಾದವರಿಗೆಲ್ಲ ಅರ್ಥವಾಯಿತು. ಎಲ್ಲರೂ ತಮ್ಮ ಕಾಲಡಿ ನೋಡಿಕೊಂಡರು. ಭೂಗೋಳ ಓದಿದ ನಾನೂ ನೋಡಿಕೊಂಡೆ. ಒಂದು ಕಾಗೆ ಕೂಗಿತು. ಚಂದ್ರಿ ಬಾಲ ಬೀಸಿ ನೊಣ ಓಡಿಸಿತು. ನೆಲ ತನ್ನ ಪಾಡಿಗೆ ತಾನಿತ್ತು.

ಮೊದಲು ಎಚ್ಚೆತ್ತವಳು ಶರಣಮ್ಮ. ಹಿಂದಿನ ದಿನದ ಜಗಳವನ್ನು ಅಲ್ಲೇ ಬಿಟ್ಟು, ಅತ್ತೆಯ ಮನೆಯೊಳಗೆ ನುಗ್ಗಿ, ಬೆಳಗಿನ ಹಾಲನ್ನು ಒಂದು ದೊಡ್ಡ ಲೋಟಕ್ಕೆ ಬಗ್ಗಿಸಿಕೊಂಡು ಬಂದು ಮೇಡಮ್ಮರ ಮುಂದೆ ಹಿಡಿದಳು. ‘ಕುಡೀ ತಾಯಿ. ಕೇಳ್ದಾಕಿ ಕುಡೀಬೇಕು. ಕುಡದ್ರ ನೀ ನಮ್ಮಾಕಿ ಆಗ್ತಿ, ನದರ ಹತ್ತೂದಿಲ್ಲ.’

ನಾನು ಮರಾಠಿಯಲ್ಲಿ ತಿಳಿಸಿದೆ. ಹಾಲಿನ ವಾಸನೆಯೂ ಆಗದ ಆ ಹುಡುಗಿ ಲೋಟ ನೋಡಿದರು, ನೆಲಕ್ಕೆ ಅಂಟಿಕೊಂಡಿದ್ದ ಅತ್ತೆಯ ಅಂಗೈ ನೋಡಿದರು, ಕಣ್ಣು ಮುಚ್ಚಿ ಗಟಗಟ ಕುಡಿದುಬಿಟ್ಟರು. ಅತ್ತೆ ಅಂಗೈ ಎತ್ತಿದರು. ಆ ಕ್ಷಣಕ್ಕೆ ನನಗೆ ಆ ಹುಡುಗಿಯ ಮೇಲೆ ಹುಟ್ಟಿದ ಪ್ರೀತಿ ಇನ್ನೂ ಹಾಗೇ ಇದೆ.

ಆದರೆ ಕತೆ ಒಂದು ಲೋಟಕ್ಕೆ ಮುಗಿಯಲಿಲ್ಲ. ಕಟ್ಟೆ ಒಡೆದಿತ್ತು. ‘ನಂದೂ ಬರ್ಕೋ’ ಎಂದು ಶರಣಮ್ಮ ತನ್ನ ಎಮ್ಮೆಯದನ್ನು ಹೇಳಿ ತನ್ನ ಮನೆಯ ಲೋಟ ತಂದಳು. ‘ನಮ್ಮದೂ’, ‘ನಮ್ಮದೂ’ ಎಂದು ಹೆಂಗಸರು ಎದ್ದರು. ಗೌಡರ ಹೆಂಡತಿ ಗಂಡನನ್ನು ಕೂಡಿಸಿ ತಾನೇ ಹೇಳಿದಳು. ಒಬ್ಬೊಬ್ಬರು ಹೇಳಿದ ಹಾಗೆ ಒಂದೊಂದು ಲೋಟ ಬಂತು, ಕೇಳಿದ ಮೇಲೆ ಕುಡಿಯದೆ ಬಿಡುವಂತಿರಲಿಲ್ಲ. ಮೇಡಂ ಮೊದಮೊದಲು ಲೋಟ ಖಾಲಿ ಮಾಡಿದರು, ಆಮೇಲೆ ಅರ್ಧ, ಆಮೇಲೆ ಗುಟುಕು, ಕೊನೆಕೊನೆಗೆ ಬೇವಿನ ಮರಕ್ಕೆ ಒರಗಿ ತುಟಿಗೆ ಸೋಕಿಸಿ ಕೊಟ್ಟರು. ನಾನು ದೂರ ನಿಂತು ನಗುತ್ತಿದ್ದೆ. ಅತ್ತೆ ನನ್ನ ಕಡೆ ಬೆರಳು ತೋರಿಸಿದರು. ‘ಈಂವಾನೂ ಕೇಳ್ಯಾನ. ಎಲ್ಲಾರದೂ ಎರಡೆರಡ ಸಲ ಕೇಳ್ಯಾನ, ಕನ್ನಡದಾಗೊಮ್ಮೆ, ಮರಾಠಿದಾಗೊಮ್ಮೆ. ಈಂವಗೂ ಕೊಡ್ರಿ!’ ದುಭಾಷಿಯ ಕೆಲಸದಲ್ಲಿ ಇಂಥ ಅಪಾಯವಿದೆಯೆಂದು ನನಗೆ ಯಾರೂ ಮುಂಚೆ ಹೇಳಿರಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ನಾವಿಬ್ಬರೂ ಮೆಲ್ಲಗೆ ಹೆಜ್ಜೆ ಇಡುತ್ತಿದ್ದೆವು, ಒಳಗೆ ಹಾಲು ಕುಲುಕುತ್ತಿತ್ತು. ‘ಯಂತ್ರ ಎಲ್ಲಿಗೂ ಹೋಗುವುದಿಲ್ಲ ಶೇಠಜಿ. ಉದಗೀರದ ಕಡೆಯವರಿಗೆ ಬೇರೊಂದು ಕೊಡಿಸಲು ಹೇಳುತ್ತೇನೆ’ ಎಂದರು ಮೇಡಂ. ನಿಲಂಗಾದ ಬಸ್ಸಿನ ಕಿಟಕಿ ಪಕ್ಕ ಕೂತು, ಹೊಟ್ಟೆಯ ಮೇಲೆ ಚೀಲ ಇಟ್ಟುಕೊಂಡು, ಯಾರನ್ನೂ ನೋಡದೆ ಹೊರಟರು. ಎಷ್ಟು ಹಾಲು ಹೆಚ್ಚಿತೆಂದು ಅವರು ಸರಿಯಾಗಿಯೇ ಬರೆದಿರಬೇಕು. ಒಂದು ವಾಕ್ಯ ಹೇಳಲು ನಮ್ಮ ಅತ್ತೆಗೆ ಎಷ್ಟು ವರ್ಷ ಹಿಡಿಯಿತೆಂಬುದನ್ನು ಎಲ್ಲಿ, ಯಾವ ಅಳತೆಯಲ್ಲಿ ಬರೆಯುತ್ತಾರೋ ನನಗೆ ತಿಳಿಯದು. ನನ್ನ ಮಟ್ಟಿಗೆ ಆ ವರ್ಷದ ಸಹಯೋಗದಲ್ಲಿ ಎಲ್ಲರಿಗಿಂತ ದೊಡ್ಡ ಪಾಲು ಅದೇ.

ಮಾರನೆಯ ಬೆಳಿಗ್ಗೆ ನಾನು ಅಂಗಡಿಗೆ ಹೋಗುವ ದಾರಿ ಬಿಟ್ಟು ಉದ್ಯಾನದ ಕಡೆ ನಡೆದೆ. ಬರೇ ನೋಡಿಕೊಂಡು ಹೋಗೋಣವೆಂದು ನನಗೆ ನಾನೇ ಹೇಳಿಕೊಂಡೆ. ಅತ್ತೆ ಚಂದ್ರಿಯ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತು ಮೊಲೆ ತೊಳೆಯುತ್ತಿದ್ದರು. ಚಂದ್ರಿ ಒಂದು ಕಾಲು ಎತ್ತಿ ಇಳಿಸಿತು. ಬಹಳ ಹೊತ್ತು ಧಾರೆಯ ಸದ್ದೇ ಇಲ್ಲ, ಸೊರ ಬಿಡುತ್ತಿಲ್ಲವೋ ಏನೋ ಎಂದುಕೊಂಡೆ. ಆಮೇಲೆ ಖಾಲಿ ಬಕೀಟಿನ ತಳಕ್ಕೆ ಮೊದಲ ಧಾರೆ ಸರ್ರೆಂದು ಬಿತ್ತು, ಅದರ ಹಿಂದೆಯೇ ಇನ್ನೊಂದು.

‘ಏ ಶಿವರಾಜ’ ಎಂದರು ಅತ್ತೆ, ಹಿಂಡುತ್ತಲೇ. ‘ಅದ್ಯಾಕೋ ಗ್ವಾಡಿ ಕಡಿ ಮಾರಿ ಮಾಡಿ ನಿಂತೀದಿ?’

ಆಗಲೇ ನನಗೆ ಗೊತ್ತಾದದ್ದು. ಯಾವಾಗ ತಿರುಗಿದೆನೋ ಏನೋ, ನಾನು ಚಂದ್ರಿಗೆ ಬೆನ್ನು ಹಾಕಿ, ಉದ್ಯಾನದ ಮಗ್ಗುಲಿನ ಶಾಲೆಯ ಗೋಡೆಗೆ ಮೂಗು ಹತ್ತುವಷ್ಟು ಹತ್ತಿರ ನಿಂತಿದ್ದೆ.

‘ಏನಿಲ್ಲ ಅತ್ತಿ, ಸುಣ್ಣ ಹಾರೇದ, ಅದನ್ನ ನೋಡ್ಲಿಕತ್ತೀನಿ’ ಎಂದೆ.

ಅತ್ತೆ ನಕ್ಕರು. ಧಾರೆಯ ಸದ್ದು ತೆಳ್ಳಗಿದ್ದದ್ದು ದಪ್ಪಗಾಗುತ್ತಾ, ನೊರೆಯೊಳಗೆ ಮುಳುಗುತ್ತಾ ಹೋಯಿತು. ಅದು ಪೂರ್ತಿ ನಿಲ್ಲುವ ತನಕ ನಾನು ಗೋಡೆಯ ಕಡೆಯಿಂದ ತಿರುಗಲಿಲ್ಲ.